ತಿರುಗಾಟಕ್ಕೆ ಹೋದ ತಂಡ

ನಮ್ಮ ಅಡುಗೆಮನೆಯಲ್ಲಿ ಗ್ಯಾಸ್ ಒಲೆಯ ಪಕ್ಕದ ಮೊಳೆಯಲ್ಲಿ ಒಂದು ಚರ್ಮದ ಗ್ಲೌಸು ನೇತಾಡುತ್ತಿರುತ್ತದೆ. ಎಡಗೈಯದು ಮಾತ್ರ. ಬಲಗೈಯದು ಎಲ್ಲಿ ಎಂದು ಬಂದವರು ಕೇಳುತ್ತಾರೆ. ಬಲಗೈಯದು ಇಲ್ಲವೇ ಇಲ್ಲ, ಅದು ಹುಟ್ಟಿದ್ದೇ ಒಂಟಿಯಾಗಿ ಎಂದರೆ ನಂಬುವುದಿಲ್ಲ. ದಪ್ಪ ದಪ್ಪ ಬೆರಳುಗಳು, ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಹೆಣೆದ ಚರ್ಮದ ಬಲೆ, ಅಂಗೈಯ ಗುಳಿಯಲ್ಲಿ ತುಪ್ಪದ ಕಲೆ. ನನ್ನ ಹೆಂಡತಿ ಶಶಿಕಲಾ ಅದನ್ನು ತೊಟ್ಟು ಇಡ್ಲಿ ಪಾತ್ರೆಯ ಬಿಸಿ ಮುಚ್ಚಳ ಎತ್ತುತ್ತಾಳೆ. ಮೊನ್ನೆ ಊಟಕ್ಕೆ ಬಂದವರೊಬ್ಬರು ಅದನ್ನು ಬಾಕ್ಸಿಂಗ್ ಗ್ಲೌಸ್ ಎಂದುಕೊಂಡು, ಒಮ್ಮೆ ಅವಳನ್ನು, ಒಮ್ಮೆ ನನ್ನನ್ನು ನೋಡಿ ಕನಿಕರಪಟ್ಟರು.

ಬಾಕ್ಸಿಂಗ್ ಅಲ್ಲ, ಬೇಸ್‌ಬಾಲ್ ಎಂದೆ. ನೀವು ಆಡುತ್ತಿದ್ದಿರಾ ಎಂದರು. ಇಲ್ಲ. ನೋಡಿದ್ದೀರಾ? ಅದೂ ಇಲ್ಲ. ಚೆಂಡನ್ನು ಹೊಡೆದ ಮೇಲೆ ಯಾವ ಕಡೆಗೆ ಓಡಬೇಕು ಎಂಬುದೂ ನನಗೆ ಗೊತ್ತಿಲ್ಲ. ಆದರೆ ಅಮೆರಿಕದ ಬೇಸ್‌ಬಾಲ್ ತಂಡಗಳು ಒಂದು ಕಾಲದಲ್ಲಿ ಊರುಬಿಟ್ಟು ಊರಿಗೆ ಹೋದ ಕತೆ ಕೇಳಿ, ಮಧ್ಯಾಹ್ನವಿಡೀ ಹೇಳುತ್ತೇನೆ. ನನಗೆ ಅದು ಅರ್ಥವಾಗಿದೆಯೇ ಎಂದು ಮಾತ್ರ ದಯವಿಟ್ಟು ಕೇಳಬೇಡಿ.

ಆಗ ನಾನು ದೋಹಾದ ವೆಸ್ಟ್ ಬೇಯ ಒಂದು ಕನ್ಸಲ್ಟೆನ್ಸಿ ಆಫೀಸಿನ ಖರೀದಿ ವಿಭಾಗದಲ್ಲಿದ್ದೆ. ಸುತ್ತ ಎಲ್ಲಿ ನೋಡಿದರೂ ಕ್ರೇನು. ಸೋಮವಾರ ಕಂಡಿದ್ದ ಸಮುದ್ರ ಮುಂದಿನ ಸೋಮವಾರ ಕಾಣುತ್ತಿರಲಿಲ್ಲ, ನಡುವೆ ಒಂದು ಕಟ್ಟಡ ಎದ್ದಿರುತ್ತಿತ್ತು. ನನ್ನ ಎದುರಿನ ಕ್ಯಾಬಿನ್ನಿನಲ್ಲಿ ವಾಲ್ಟರ್ ಎಂಬ ಅಮೆರಿಕನ್ ಇಂಜಿನಿಯರು. ಅರವತ್ತರ ಗಡಿ ದಾಟಿದವರು, ಹೆಂಡತಿ ತೀರಿಕೊಂಡಿದ್ದರು, ಮಾತು ಕಡಿಮೆ. ಏಪ್ರಿಲ್ ತಿಂಗಳಿನಿಂದ ಸೆಪ್ಟೆಂಬರ್ ಕೊನೆಯವರೆಗೆ ಅವರು ಎಲ್ಲರಿಗಿಂತ ಮೊದಲು ಆಫೀಸಿಗೆ ಬಂದು ಕಂಪ್ಯೂಟರಿನ ಮುಂದೆ ಕೂರುತ್ತಿದ್ದರು. ಕೆಲವು ದಿನ ಹಾಗೆ ಕೂತವರು ಎದ್ದು ಹೋಗಿ ಒಂದು ದೊಡ್ಡ ಡಬ್ಬದ ತುಂಬ ಡೋನಟ್ ತಂದು ಎಲ್ಲರ ಮೇಜಿಗೂ ಹಂಚುತ್ತಿದ್ದರು. ಹುಟ್ಟುಹಬ್ಬ ಇರಬೇಕು ಎಂದುಕೊಂಡು ನಾನು ಒಂದೇ ತಿಂಗಳಲ್ಲಿ ಹಲವು ಸಲ ಅವರಿಗೆ ಹ್ಯಾಪಿ ಬರ್ತ್‌ಡೇ ಹೇಳಿದೆ. ಪ್ರತಿ ಸಲವೂ ಅವರು ಥ್ಯಾಂಕ್ ಯೂ ಅಂದರು.

ಕಡೆಗೆ ನನ್ನ ಪಕ್ಕದ ಮೇಜಿನ ಫಿಲಿಪ್ಪೀನಿ ಹೆಂಗಸು ರೋಸಲಿ ನಗುತ್ತಾ ಗುಟ್ಟು ಹೇಳಿದಳು. ಅಮೆರಿಕದ ಪಶ್ಚಿಮ ಕರಾವಳಿಯ ಒಂದು ಬೇಸ್‌ಬಾಲ್ ತಂಡ ಸೋತ ದಿನ ವಾಲ್ಟರ್ ಸಿಹಿ ಹಂಚುತ್ತಾರಂತೆ. ಅಲ್ಲಿಯ ರಾತ್ರಿ ಆಟ ಮುಗಿಯುವುದು ನಮ್ಮ ಬೆಳಗಿನ ಆಫೀಸು ಹೊತ್ತಿಗೆ. ನಾನು ಹೋಗಿ ಕೇಳಿದೆ.

"ಹಾಗಾದರೆ ಇವತ್ತು ನಿಮ್ಮ ತಂಡ ಗೆದ್ದಿತು, ಅಲ್ಲವೇ?"

"ನನಗೆ ತಂಡ ಇಲ್ಲ," ಎಂದರು.

"ಮತ್ತೆ ಸೋತವರು ಯಾರು?"

"ನನ್ನ ತಂಡ."

ಡೋನಟ್ ಬಾಯಲ್ಲಿದ್ದುದರಿಂದ ನಾನು ಮುಂದೆ ಏನೂ ಕೇಳಲಿಲ್ಲ. ಇಂಥ ಹೊತ್ತಿನಲ್ಲಿ ನಮ್ಮ ಕಡೆಯವರಿಗೆ ಗೊತ್ತಿರುವುದು ಒಂದೇ ದಾರಿ, ಊಟಕ್ಕೆ ಕರೆಯುವುದು. ಮುಂದಿನ ಶುಕ್ರವಾರ ಮಧ್ಯಾಹ್ನ ಬಿನ್ ಮಹಮೂದ್ ಬಡಾವಣೆಯ ನಮ್ಮ ಮನೆಗೆ ಬನ್ನಿ ಎಂದೆ.

ಬಿನ್ ಮಹಮೂದಿನ ಆ ಕಟ್ಟಡದ ಬಗ್ಗೆ ಸ್ವಲ್ಪ ಹೇಳಿಬಿಡುತ್ತೇನೆ. ಕೆಳಗಿನ ಅಂತಸ್ತಿನಲ್ಲಿ ಬ್ಯಾಚಲರ್ ಹುಡುಗರು, ಮೇಲೆ ಸಂಸಾರಸ್ಥರು. ನಮ್ಮದು ಎರಡನೆಯ ಮಹಡಿ. ಬಾಲ್ಕನಿಯ ಕೆಳಗೆ ಒಂದು ಖಾಲಿ ಜಾಗ, ಅದರಾಚೆ ಕ್ಲಿನಿಕ್ಕು. ಆ ಜಾಗದಲ್ಲಿ ಎರಡು ಕಬ್ಬಿಣದ ಕಂಬ ನೆಟ್ಟು, ನೆಟ್ ಕಟ್ಟಿ, ಶುಕ್ರವಾರ ಸಂಜೆಯ ಅಸರ್ ನಮಾಜು ಮುಗಿದ ಮೇಲೆ ನಮ್ಮ ವಾಲಿಬಾಲ್ ನಡೆಯುತ್ತಿತ್ತು. ತಂಡದ ಹೆಸರು ಬಿನ್ ಮಹಮೂದ್ ಫ್ರೆಂಡ್ಸ್. ಆಡುವವರೆಲ್ಲ ಉಳ್ಳಾಲ, ಸುರತ್ಕಲ್, ಕಾಪು ಕಡೆಯ ಹುಡುಗರು. ಸೆಕ್ರೆಟರಿ ನಾನು. ನನಗೆ ಆಡಲು ಬರುವುದಿಲ್ಲವಾದ್ದರಿಂದ ಆ ಹುದ್ದೆ ನನಗೆ ಸಿಕ್ಕಿತು.

ಶಶಿಕಲಾ ಹೈಸ್ಕೂಲಿನಲ್ಲಿ ಥ್ರೋಬಾಲ್ ಟೀಮಿನಲ್ಲಿದ್ದವಳು. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಅವಳ ವಾರ ಎಂದರೆ ನಾಲ್ಕು ಗೋಡೆ, ಎ.ಸಿ.ಯ ಗೊರ್ ಎಂಬ ಸದ್ದು, ಟಿ.ವಿ. ಡ್ರೈವಿಂಗ್ ಬಾರದು, ಒಬ್ಬಳೇ ಹೊರಗೆ ಹೋಗಲು ಸಂಕೋಚ, ಹೋದರೂ ಆ ಬಿಸಿಲಲ್ಲಿ ಎಲ್ಲಿಗೆ? ಆದರೆ ಶುಕ್ರವಾರ ಸಂಜೆ ಬಾಲ್ಕನಿಯಲ್ಲಿ ನಿಂತವಳೇ ಬೇರೆ. ಯಾರ ಸರ್ವಿಸ್ ಎತ್ತ ತಿರುಗುತ್ತದೆ, ಯಾರ ಮೊಣಕಾಲು ಈ ವಾರ ನೋಯುತ್ತಿದೆ, ಎಲ್ಲ ಅವಳಿಗೆ ಗೊತ್ತು. ತುಳುವಿನಲ್ಲಿ ಬೈಯುತ್ತಿದ್ದಳು. ಕೆಳಗಿನಿಂದ ಹುಡುಗರು "ಸರಿ ಅಕ್ಕಾ" ಎನ್ನುತ್ತಿದ್ದರು. ಅವಳು ವಾರವಿಡೀ ಕಾದಿರುತ್ತಿದ್ದದ್ದು ಆ ಎರಡು ಗಂಟೆಗಾಗಿ. ಇದನ್ನು ನಾನು ನೋಡಿದ್ದೆ, ಆದರೆ ಗಮನಿಸಿರಲಿಲ್ಲ.

ವಾಲ್ಟರ್ ಬಂದರು. ಕೋರಿ ರೊಟ್ಟಿಯನ್ನು ಹೇಗೆ ತಿನ್ನಬೇಕೆಂದು ತಿಳಿಯದೆ ಮೊದಲು ಒಣ ರೊಟ್ಟಿಯನ್ನೇ ಹಪ್ಪಳದ ಹಾಗೆ ಮುರಿದು ತಿಂದರು. ಶಶಿಕಲಾ ಸಾರು ಸುರಿದು ತೋರಿಸಿದಳು. ಊಟವಾದ ಮೇಲೆ ಖರ್ಜೂರ ಇಟ್ಟೆವು. ಅವರು ಬೀಜಗಳನ್ನು ಎಸೆಯದೆ ಮೇಜಿನ ಮೇಲೆ ಒಂದೊಂದಾಗಿ ಜೋಡಿಸತೊಡಗಿದರು. ಸಾರಿನ ಬೋಗುಣಿ ನ್ಯೂಯಾರ್ಕ್ ಎಂದರು. ಉಪ್ಪಿನಕಾಯಿ ಬಾಟಲು ಕ್ಯಾಲಿಫೋರ್ನಿಯಾ. ನಡುವಿನ ಉಪ್ಪಿನ ಡಬ್ಬಿ ಮಿಲ್ವಾಕಿ ಎಂಬ ಊರು. ಖರ್ಜೂರದ ಬೀಜಗಳೇ ತಂಡಗಳು.

ಕತೆ ಇಷ್ಟು. ಎರಡನೆಯ ಮಹಾಯುದ್ಧ ಮುಗಿದ ಮೇಲಿನ ವರ್ಷಗಳು. ವಾಲ್ಟರ್ ಹುಟ್ಟಿದ್ದು ನ್ಯೂಯಾರ್ಕಿನ ಒಂದು ಭಾಗದಲ್ಲಿ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲೇ ಅವರ ತಂಡದ ಮೈದಾನ. ಬೀದಿಯಲ್ಲಿ ಟ್ರ್ಯಾಮುಗಳ ನಡುವೆ ನುಸುಳಿಕೊಂಡು ಓಡಾಡುವವರು ಎಂದು ಆ ಕಡೆಯ ಜನರನ್ನು ಹೊರಗಿನವರು ಹಾಸ್ಯ ಮಾಡುತ್ತಿದ್ದರಂತೆ. ಅದೇ ಹಾಸ್ಯ ತಂಡದ ಹೆಸರಾಗಿತ್ತು. ಮೈದಾನ ಹಳತು, ಕಾರು ನಿಲ್ಲಿಸಲು ಜಾಗವಿಲ್ಲ. ಕಾರು ಕೊಂಡ ಜನ ಊರ ಹೊರಗೆ ಮನೆ ಮಾಡಿಕೊಂಡಿದ್ದರು. ತಂಡದ ಯಜಮಾನ, ರೈಲು ನಿಲ್ದಾಣದ ಬಳಿ ಜಾಗ ಮಾಡಿಕೊಡಿ, ಸ್ಟೇಡಿಯಂ ನಾನೇ ಕಟ್ಟಿಕೊಳ್ಳುತ್ತೇನೆ ಎಂದ. ನಗರದ ಅಧಿಕಾರಿಗಳು, ಅಲ್ಲಿ ಆಗದು, ಬೇರೆ ಕಡೆ ಕೊಡುತ್ತೇವೆ ಎಂದರು. ಹಗ್ಗ ಜಗ್ಗಾಟ ನಡೆಯಿತು. ಅಷ್ಟರಲ್ಲಿ ದೇಶದ ಆಚೆ ತುದಿಯಿಂದ ಕ್ಯಾಲಿಫೋರ್ನಿಯಾದವರು, ಇಲ್ಲಿ ಬನ್ನಿ, ಒಂದು ಗುಡ್ಡವೇ ಕೊಡುತ್ತೇವೆ ಎಂದು ಕೈಬೀಸಿದರು.

"ಯಜಮಾನ ಅಂದರೆ?" ಎಂದು ನಾನು ನಡುವೆ ಬಾಯಿ ಹಾಕಿದೆ. ಈಗೇನೋ ನಮ್ಮಲ್ಲೂ ಕ್ರಿಕೆಟ್ ತಂಡಗಳನ್ನು ಹರಾಜಿನಲ್ಲಿ ಕೊಳ್ಳುತ್ತಾರೆ. ಆಗ ನನಗೆ ತಂಡಕ್ಕೆ ಕ್ಯಾಪ್ಟನ್ ಇರುತ್ತಾನೆ ಎಂದಷ್ಟೇ ಗೊತ್ತಿತ್ತು.

"ಯಜಮಾನ ಅಂದರೆ ಯಜಮಾನ. ಅಂಗಡಿಗೆ ಇರುವ ಹಾಗೆ."

ನಾನು ಶಶಿಕಲಾಳಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕೇಳಿದಳು, "ಆಟ ಆಡುವವರು ಬರುದಿಲ್ಲ ಅಂತ ಹೇಳಬಹುದಿತ್ತಲ್ಲ?"

ವಾಲ್ಟರ್ ತಲೆಯಾಡಿಸಿದರು. ಹೇಳಬಹುದಿತ್ತು, ಆದರೆ ಹಾಗೆ ಹೇಳಿದವನು ಬೇರೆ ಯಾವ ತಂಡಕ್ಕೂ ಸೇರುವಂತಿರಲಿಲ್ಲ. ಹಳೆಯ ಯಜಮಾನ ತಾನಾಗಿ ಬಿಟ್ಟುಕೊಟ್ಟರೆ ಮಾತ್ರ. ಆ ಕಾಲದ ಕರಾರು ಹಾಗಿತ್ತು.

"ರಿಲೀಸ್ ಕೊಡುದಿಲ್ಲ ಅಂತೆ," ಎಂದೆ ಹೆಂಡತಿಗೆ.

"ಹೌದಾ? ಅಮೆರಿಕದಲ್ಲೂ?" ಎಂದು ಅವಳು ಬಾಯಿಗೆ ಕೈ ಇಟ್ಟುಕೊಂಡಳು.

ಇಡೀ ಕತೆಯಲ್ಲಿ ನಮಗೆ ಸಲೀಸಾಗಿ ಅರ್ಥವಾದದ್ದು ಅದೊಂದೇ. ಹಳೆಯ ಮಾಲೀಕ ರಿಲೀಸ್ ಪತ್ರ ಕೊಡದೆ ಕೆಲಸ ಬದಲಿಸಲಾಗದ ಈ ದೇಶದಲ್ಲಿ ಯಾರಿಗೂ ಅದನ್ನು ಎರಡನೆಯ ಸಲ ವಿವರಿಸಬೇಕಾಗಿಲ್ಲ.

ಮುಂದಿನದು ಮಾತ್ರ ಗೋಜಲು. ಅಷ್ಟು ದೂರದ ಕ್ಯಾಲಿಫೋರ್ನಿಯಾಕ್ಕೆ ಒಂದೇ ತಂಡ ಹೋದರೆ ಅದರ ಜತೆ ಆಡಲು ಉಳಿದವರು ವಿಮಾನ ಹತ್ತಿ ಬರುವುದಿಲ್ಲ. ಅದಕ್ಕೆ ಆ ಯಜಮಾನ ಏನು ಮಾಡಿದ? ನದಿಯ ಆಚೆ ದಡದಲ್ಲಿದ್ದ, ಹುಟ್ಟಾ ವೈರಿಯಾಗಿದ್ದ ತಂಡದ ಯಜಮಾನನನ್ನೂ ಒಪ್ಪಿಸಿ ಅದೇ ವರ್ಷ ಹೊರಡಿಸಿಕೊಂಡು ಹೋದ. ಎರಡು ಬೀಜಗಳು ಒಟ್ಟಿಗೆ ಉಪ್ಪಿನಕಾಯಿ ಬಾಟಲಿನ ಕಡೆ ಸರಿದವು. ಇದಕ್ಕೆಲ್ಲ ದಾರಿ ತೋರಿಸಿದ್ದು ಬೋಸ್ಟನ್ನಿನ ಇನ್ನೊಂದು ತಂಡ. ಅದು ಮೊದಲೇ ಮಿಲ್ವಾಕಿಗೆ ಹೋಗಿತ್ತು. ಅಲ್ಲಿ ಜನ ಮುಗಿಬಿದ್ದು ಬಂದದ್ದನ್ನು ನೋಡಿ ಉಳಿದ ಯಜಮಾನರಿಗೆ ನಿದ್ದೆ ಬರಲಿಲ್ಲ. ಅದೇ ತಂಡ ಕೆಲವು ವರ್ಷಗಳ ಮೇಲೆ ಮಿಲ್ವಾಕಿಯನ್ನೂ ಬಿಟ್ಟು ದಕ್ಷಿಣದ ಅಟ್ಲಾಂಟಾಕ್ಕೆ ಹೋಯಿತು. ಅಟ್ಲಾಂಟಾಕ್ಕೆ ಪಾತ್ರೆ ಉಳಿದಿರಲಿಲ್ಲ. ವಾಲ್ಟರ್ ನನ್ನ ಕನ್ನಡಕ ತೆಗೆದು ಅಲ್ಲಿಟ್ಟರು. ಇನ್ನೊಂದು ತಂಡ ಫಿಲಡೆಲ್ಫಿಯಾದಿಂದ ಕಾನ್ಸಾಸ್ ಸಿಟಿಗೆ, ಅಲ್ಲಿಂದ ಕ್ಯಾಲಿಫೋರ್ನಿಯಾಕ್ಕೆ. ಕನ್ನಡಕವಿಲ್ಲದ ನನಗೆ ಯಾವ ಬೀಜ ಯಾವುದೆಂದು ಕಾಣದೇ ಹೋಯಿತು.

ತಂಡ ಹೋದ ವರ್ಷ ವಾಲ್ಟರ್‌ಗೆ ಹನ್ನೊಂದು ಹನ್ನೆರಡು ವಯಸ್ಸು. ಅವರ ತಂದೆ ಆಟದ ಕಾಮೆಂಟರಿ ಕೇಳುತ್ತಿದ್ದ ರೇಡಿಯೋವನ್ನು ಪಕ್ಕದ ಮನೆಯವರಿಗೆ ಕೊಟ್ಟುಬಿಟ್ಟರಂತೆ. ಸಾಯುವವರೆಗೂ ಬೇಸ್‌ಬಾಲ್ ಎಂಬ ಮಾತು ಮನೆಯಲ್ಲಿ ಬರಲಿಲ್ಲ. "ಹೆಸರನ್ನೂ ತೆಗೆದುಕೊಂಡು ಹೋದರು," ಎಂದರು ವಾಲ್ಟರ್. "ಅಲ್ಲಿ ಆ ಗುಡ್ಡದಲ್ಲಿ ನುಸುಳಿಕೊಂಡು ಓಡಲಿಕ್ಕೆ ಟ್ರ್ಯಾಮು ಎಲ್ಲಿತ್ತು?"

ನಾನು ಇದನ್ನು ಹೆಂಡತಿಗೆ ಹೇಳಿ, ನನ್ನ ಬುದ್ಧಿಗೆ ತೋಚಿದ ಪ್ರಶ್ನೆ ಕೇಳಿದೆ. "ತಂಡ ವಾಪಸು ಬರುವುದು ಯಾವಾಗ?"

ನೀವು ನಗಬಾರದು. ನನ್ನ ಬಾಲ್ಯದಲ್ಲಿ ತಂಡ ಎಂದರೆ ಯಕ್ಷಗಾನದ ಮೇಳ. ನಮ್ಮ ಮನೆಯ ಹತ್ತಿರದ ದೇವಿ ದೇವಸ್ಥಾನದ ಮೇಳಕ್ಕೂ ಯಜಮಾನರಿದ್ದರು. ದೇವಸ್ಥಾನದಿಂದ ಮೇಳ ವಹಿಸಿಕೊಂಡು ಅವರು ತಿರುಗಾಟಕ್ಕೆ ಹೊರಡುತ್ತಿದ್ದರು, ಊರೂರು ಸುತ್ತಿ ಟೆಂಟು ಹಾಕುತ್ತಿದ್ದರು. ಹಾಸ್ಯಗಾರರು ಒಂದು ವರ್ಷ ಮುನಿಸಿಕೊಂಡು ಬೇರೆ ಮೇಳ ಸೇರಿದಾಗ ನನ್ನ ಅಜ್ಜ ಎರಡು ದಿನ ಸರಿಯಾಗಿ ಊಟ ಮಾಡಿರಲಿಲ್ಲ. ಯಜಮಾನರು ಬದಲಾಗುತ್ತಿದ್ದರು, ವೇಷಧಾರಿಗಳು ಬದಲಾಗುತ್ತಿದ್ದರು. ಆದರೆ ಎಲ್ಲಿಗೇ ಹೋಗಲಿ, ಬೇಸಿಗೆಯ ಕೊನೆಗೆ ಪತ್ತನಾಜೆಯ ದಿನ ಮೇಳ ದೇವಸ್ಥಾನಕ್ಕೆ ಮರಳಿ, ದೇವರೆದುರು ಗೆಜ್ಜೆ ಬಿಚ್ಚಲೇಬೇಕು. ಮೇಳದ ಹೆಸರು ದೇವರದ್ದು, ಯಾರ ಜೇಬಿಗೂ ಸೇರಿದ್ದಲ್ಲ. ಹಾಗಾಗಿ ಹೋದದ್ದು ಮರಳುತ್ತದೆ ಎಂಬುದು ನನ್ನ ರಕ್ತದಲ್ಲಿದೆ. ಗಲ್ಫಿಗೆ ಬಂದ ನಮಗೂ ಅದೇ ಲೆಕ್ಕ. ಎರಡು ವರ್ಷಕ್ಕೊಮ್ಮೆ ರಜೆ, ಊರು, ಮತ್ತೆ ತಿರುಗಾಟ.

ಇದನ್ನೆಲ್ಲ ಕಷ್ಟಪಟ್ಟು ಇಂಗ್ಲಿಷಿನಲ್ಲಿ ಹೇಳಿದೆ. ವಾಲ್ಟರ್ ಗಮನವಿಟ್ಟು ಕೇಳಿದರು. "ನಿಮ್ಮ ಯಜಮಾನ ದೇವಿಯನ್ನೇ ಲಾರಿಗೆ ಹಾಕಿಕೊಂಡು ಕ್ಯಾಲಿಫೋರ್ನಿಯಾಕ್ಕೆ ಹೋಗಿದ್ದರೆ?" ಎಂದರು.

ದೇವಿಯನ್ನು ಲಾರಿಗೆ ಹಾಕುವುದು ಎಂಬುದನ್ನು ಊಹಿಸುವುದರಲ್ಲೇ ಸುಸ್ತಾದೆ. ಆಗ ಶಶಿಕಲಾ ಮೆಲ್ಲಗೆ ಕೇಳಿದಳು. "ಆ ಹಳೇ ಮೈದಾನ ಉಂಟಲ್ಲ, ಅಲ್ಲಿ ಈಗ ಎಂತ ಉಂಟು ಅಂತ ಕೇಳಿ."

ಕೇಳಿದೆ. ವಾಲ್ಟರ್ ಅವಳನ್ನೇ ನೋಡಿದರು. "ಫ್ಲಾಟುಗಳು," ಎಂದರು. ಅದಕ್ಕೆ ಭಾಷಾಂತರ ಬೇಕಾಗಲಿಲ್ಲ. ಆಮೇಲೆ ಕೆಳಗೆ ಹುಡುಗರು ನೆಟ್ ಕಟ್ಟುವ ಸದ್ದು ಕೇಳಿತು. ಮೂವರೂ ಬಾಲ್ಕನಿಗೆ ಹೋದೆವು. ಆವತ್ತಿನಿಂದ ವಾಲ್ಟರ್ ಶುಕ್ರವಾರ ತಪ್ಪಿಸಲಿಲ್ಲ. ಮೈದಾನದ ಬದಿಯಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತು, ಶಶಿಕಲಾ ಮೇಲಿನಿಂದ ಬೈದಾಗಲೆಲ್ಲ ಅರ್ಥವಾದವರಂತೆ ತಲೆಯಾಡಿಸುತ್ತಿದ್ದರು.

ಇನ್ನು ನಮ್ಮ ತಂಡದ ಯಜಮಾನರ ವಿಷಯ. ಅವರನ್ನು ಎಲ್ಲರೂ ಹಾಜಿಯವರು ಎನ್ನುತ್ತಿದ್ದರು. ಉಳ್ಳಾಲದ ಕಡೆಯವರು, ದಿನಸಿ ಅಂಗಡಿಗಳ ಮಾಲೀಕರು, ಬಹಳ ವರ್ಷಗಳಿಂದ ಇಲ್ಲಿದ್ದವರು. ಜೆರ್ಸಿ ಅವರದು, ಚೆಂಡು ಅವರದು, ಆಟದ ನಂತರದ ಬಿರಿಯಾನಿ ಅವರದು. ಆಟಗಾರರಲ್ಲಿ ಹೆಚ್ಚಿನವರು ಅವರ ಅಂಗಡಿಯಲ್ಲೇ ಕೆಲಸಕ್ಕಿದ್ದರು. ಅವರಿಗೆ ಯಜಮಾನ ಎಂಬ ಹೆಸರನ್ನು ನಾನು ಅಲ್ಲಿಯವರೆಗೆ ಕೊಟ್ಟಿರಲಿಲ್ಲ. ಹಾಜಿಯವರು ಎಂದರೆ ಹಾಜಿಯವರು, ಅಷ್ಟೆ. ಮರುವರ್ಷ ಚಳಿ ಮುಗಿಯುತ್ತಾ ಬಂದಾಗ ಒಂದು ಶುಕ್ರವಾರ ಅವರು ಬಿರಿಯಾನಿ ತಟ್ಟೆ ಹಿಡಿದು ನನ್ನ ಪಕ್ಕ ಕೂತರು.

"ಶೆಟ್ರೇ, ನಮ್ಮ ಟೀಮು ಇನ್ನು ಅಲ್ ಶಮಾಲ್‌ಗೆ."

"ಟೂರ್ನಮೆಂಟಾ ಹಾಜಿಯವರೇ?"

"ಟೂರ್ನಮೆಂಟ್ ಅಲ್ಲ ಮಾರಾಯ್ರೆ, ಇರ್ಲಿಕ್ಕೇ. ಅಲ್ಲಿ ಹೊಸ ಅಂಗಡಿ ಓಪನ್ ಮಾಡ್ತಿದ್ದೇನಲ್ಲ, ಹುಡುಗರೆಲ್ಲ ಅಲ್ಲಿಗೇ. ಅಂಗಡಿ ಹಿಂದೆಯೇ ಅರಬಿಯವರದ್ದು ಇಷ್ಟು ದೊಡ್ಡ ಜಾಗ ಉಂಟು, ಆಡಿ ಅಂತ ಬಿಟ್ಟುಕೊಟ್ಟಿದ್ದಾರೆ. ಲೈಟು ಸಮೇತ! ಇಲ್ಲಿ ಎಂತ ಉಂಟು ಹೇಳಿ? ಈ ಜಾಗ ಇವತ್ತೋ ನಾಳೆಯೋ ಅಗೀತಾರೆ, ಟವರ್ ಬರ್ತದೆ. ಖಲಾಸ್."

"ಅಲ್ಲಿ ಉತ್ತರದ ತುದಿಯಲ್ಲಿ, ಅಷ್ಟು ದೂರದಲ್ಲಿ ಯಾರ ಜೊತೆ ಆಡುದು?"

ಹಾಜಿಯವರು ಸಂತೋಷದಿಂದ ನನ್ನ ತೊಡೆ ತಟ್ಟಿದರು. "ಅದೂ ಮಾತಾಡಿ ಆಯ್ತು. ನಜ್ಮಾದವರ ಟೀಮನ್ನೂ ಅಲ್ಲಿಗೇ ಕರ್ಕೊಂಡು ಹೋಗುದು. ಅವರ ಸೇಠಿಗೂ ಆ ಕಡೆ ಕೆಲಸ ಸಿಕ್ಕಿದೆ. ಹೇಗೆ ನನ್ನ ಐಡಿಯಾ?"

ನನ್ನ ಕೈಯಲ್ಲಿದ್ದ ಕೋಳಿ ತುಂಡು ಕೈಯಲ್ಲೇ ಉಳಿಯಿತು. ನಜ್ಮಾದವರೆಂದರೆ ಇನ್ನೊಂದು ಬಡಾವಣೆಯ ನಮ್ಮ ಹುಟ್ಟಾ ವೈರಿಗಳು. ಯಾವ ಶತಮಾನದಲ್ಲಿದ್ದೇನೆ, ಯಾವ ದೇಶದ ಯಾವ ಆಟದ ಮಾತು ಇದು ಎಂದು ತಲೆ ಗಿರ್ ಎಂದಿತು. ಹಾಜಿಯವರು ಅಮೆರಿಕದ ಇತಿಹಾಸ ಓದಿದವರಲ್ಲ. ಕೆಟ್ಟವರಂತೂ ಅಲ್ಲವೇ ಅಲ್ಲ. ಲೆಕ್ಕ ಹಾಕಿ ನೋಡಿದರೆ ಅವರ ಮಾತು ಪ್ರತಿಯೊಂದೂ ಸರಿ. ಬಹುಶಃ ಆ ಅಮೆರಿಕದ ಯಜಮಾನನ ಮಾತೂ ಸರಿಯಿದ್ದಿರಬೇಕು. ತಪ್ಪು ಯಾರದೆಂದು ಹುಡುಕುತ್ತಾ ಹೋದರೆ ನನಗೆ ಇಂದಿಗೂ ಸಿಗುವುದಿಲ್ಲ.

ಮೇಲೆ ಬಂದು ಹೆಂಡತಿಗೆ ಹೇಳಿದೆ.

"ಹುಡುಗರನ್ನು ಕೇಳಿದ್ರಾ?" ಎಂದಳು.

"ಹುಡುಗರ ವೀಸಾ ಹಾಜಿಯವರದ್ದಲ್ವಾ?"

"ನಮ್ಮನ್ನು ಕೇಳಿದ್ರಾ?"

"ನಮ್ಮನ್ನು ಯಾಕೆ ಕೇಳುದು? ನಾವು ಆಡುವವರಾ?"

ಅವಳು ಒಣಗಿದ ಬಟ್ಟೆ ಮಡಚತೊಡಗಿದಳು. ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚುತ್ತಿದ್ದಳು. ನಾನು ಟಿ.ವಿ. ಹಾಕಿದೆ.

ಅದೇ ಹೊತ್ತಿಗೆ ವಾಲ್ಟರ್ ಅವರ ಕೆಲಸದ ಅವಧಿಯೂ ಮುಗಿದು ಅವರು ಹೊರಡುವವರಿದ್ದರು. ಬಿನ್ ಮಹಮೂದಿನ ಕೊನೆಯ ಆಟದ ದಿನವೇ ಅವರಿಗೊಂದು ಸನ್ಮಾನ ಇಟ್ಟುಕೊಳ್ಳುವ ಎಂದು ನಾನು ಸೂಚಿಸಿದೆ. ನಮ್ಮ ಕಡೆಯ ನಾಲ್ಕು ಜನ ಎಲ್ಲಿ ಸೇರಿದರೂ ಐದನೆಯವನಿಗೆ ಸನ್ಮಾನ ಮಾಡದೆ ಬಿಡುವುದಿಲ್ಲ. ಶಾಲು, ಪೇಟ, ಹಾರ, ಹಣ್ಣುಹಂಪಲಿನ ಬುಟ್ಟಿ, ಸ್ಮರಣಿಕೆ. ಸ್ಮರಣಿಕೆ ಏನು ಕೊಡುವುದು ಎಂಬಲ್ಲಿ ನನ್ನ ತಲೆ ಓಡಿತು.

ನನ್ನ ವಿಚಾರ ಹೀಗಿತ್ತು. ವಾಲ್ಟರ್‌ಗೆ ಅವರ ತಂಡದ ಮೇಲಿರುವುದು ದ್ವೇಷವಲ್ಲ, ಮುನಿಸು. ನಮ್ಮಲ್ಲಿ ಜಾಗದ ತಕರಾರಿನಲ್ಲಿ ಮಾತುಬಿಟ್ಟ ಅಣ್ಣತಮ್ಮಂದಿರನ್ನು ಯಾರದೋ ಮದುವೆಯ ಮಂಟಪದಲ್ಲಿ ಹಿರಿಯರು ಹಿಡಿದು ನಿಲ್ಲಿಸಿ, ಒಬ್ಬರಿಂದ ಇನ್ನೊಬ್ಬರಿಗೆ ಶಾಲು ಹೊದೆಸಿಬಿಡುತ್ತಾರೆ. ಎಲ್ಲರೆದುರು ಶಾಲು ಬಿದ್ದ ಮೇಲೆ ಮುನಿಸು ಉಳಿಯುವಂತಿಲ್ಲ. ಐವತ್ತು ವರ್ಷ ಸಾಕಲ್ಲ, ಗೆಜ್ಜೆ ಬಿಚ್ಚಿಸಿಬಿಡುವ ಎಂದು ನಿಶ್ಚಯಿಸಿದೆ. ರೋಸಲಿಯ ಅಕ್ಕ ಕ್ಯಾಲಿಫೋರ್ನಿಯಾದಲ್ಲಿ ನರ್ಸು. ಅವಳಿಂದ ಆ ತಂಡದ ಅಸಲಿ ಜೆರ್ಸಿ ತರಿಸಿದೆ. ಬಿಳಿಯದು, ಎದೆಯ ಮೇಲೆ ನೀಲಿ ಅಕ್ಷರ. ರೋಸಲಿ ಅದನ್ನು ಕೊಡುವಾಗ "ಆರ್ ಯು ಶೂರ್?" ಎಂದು ಕೇಳಿದಳು. ಎಲ್ಲರಿಗೂ ಎಲ್ಲಾ ವಿಷಯದಲ್ಲೂ ಅನುಮಾನವೇ ಎಂದುಕೊಂಡೆ.

ಕೊನೆಯ ಶುಕ್ರವಾರ. ಖಾಲಿ ಜಾಗದಲ್ಲಿ ಜಮಖಾನ ಹಾಸಿ ಕುರ್ಚಿ ಹಾಕಿದೆವು. ಬಾಲ್ಕನಿಗಳಲ್ಲಿ ಹೆಂಗಸರು, ಮಕ್ಕಳು. ಹಾಜಿಯವರು ಹಾರ ಹಾಕಿದರು, ಶಾಲು ಹೊದೆಸಿದರು. ಜರಿಯ ಪೇಟ ವಾಲ್ಟರ್ ತಲೆಗೆ ಸಣ್ಣದಾಗಿ ಮೇಲೆಯೇ ಕೂತಿತು. ಆಮೇಲೆ ನಾನು ಮೈಕಿನಲ್ಲಿ ಅವರ ಕತೆ ಹೇಳಿ, ಜೆರ್ಸಿಯನ್ನು ಬಿಡಿಸಿ ಶಾಲಿನ ಮೇಲೆಯೇ ಅವರ ಹೆಗಲಿಗೆ ಹೊದೆಸಿದೆ.

ವಾಲ್ಟರ್ ಎದೆಯ ಮೇಲಿನ ನೀಲಿ ಅಕ್ಷರವನ್ನು ತಲೆ ಬಗ್ಗಿಸಿ ಓದಿದರು. ಮೈಕು ತೆಗೆದುಕೊಂಡು ಮೆಲ್ಲಗೆ ಹೇಳಿದರು. "ಈ ಅಂಗಿಯನ್ನು ನನ್ನ ತಂದೆ ನೋಡಿದ್ದರೆ ಇಲ್ಲಿಂದ ಎದ್ದು ಹೋಗುತ್ತಿದ್ದರು. ನಾನು ಕೂತಿರುತ್ತೇನೆ. ಇವತ್ತಿನ ಆಟ ಇನ್ನೂ ಬಾಕಿ ಇದೆ."

ಜನ ನನ್ನ ಕಡೆ ನೋಡಿದರು. ಭಾಷಾಂತರ ನನ್ನ ಕೆಲಸ. ನಾಲಗೆ ತಾನಾಗಿಯೇ ಹೊರಳಿತು. "ಈ ಅಂಗಿ ನೋಡಿದ್ರೆ ಅವರ ತಂದೆಯವರಿಗೆ ತುಂಬಾ ಖುಷಿ ಆಗ್ತಿತ್ತಂತೆ," ಎಂದೆ.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಹಾಜಿಯವರು ಕಣ್ಣೊರೆಸಿಕೊಂಡು "ಎಂಥ ಒಳ್ಳೆ ಮನುಷ್ಯ ಮಾರಾಯ್ರೆ" ಎಂದರು. ತಮ್ಮ ಅಂಥ ಮಾತಿಗೆ ಇಷ್ಟೊಂದು ಚಪ್ಪಾಳೆ ಏಕೆಂದು ತಿಳಿಯದೆ ವಾಲ್ಟರ್ ನನ್ನನ್ನೇ ನೋಡುತ್ತಾ ಕೂತರು. ಆ ಸಂಜೆ ಅಲ್ಲಿ ಯಾರು ಯಾರಿಗೆ ಏನು ಹೇಳಿದರು ಎಂಬುದು ಯಾರಿಗೂ ತಿಳಿಯಲಿಲ್ಲ. ತಲೆಯೆತ್ತಿ ನೋಡಿದೆ. ಎಲ್ಲ ಬಾಲ್ಕನಿಗಳಲ್ಲೂ ಕೈಗಳು ಆಡುತ್ತಿದ್ದವು. ಶಶಿಕಲಾ ಮಾತ್ರ ಬಾಲ್ಕನಿಯ ಕಂಬಿ ಹಿಡಿದು ಸುಮ್ಮನೆ ನಿಂತಿದ್ದಳು.

ಆಟ ಮುಗಿಯಿತು. ನಮ್ಮವರೇ ಗೆದ್ದರು. ಹುಡುಗರು ಕಂಬ ಕಿತ್ತು ಪಿಕಪ್ಪಿಗೆ ಹಾಕಿದರು. ಚಹಾಕ್ಕೆ ವಾಲ್ಟರ್ ಮೇಲೆ ಬಂದಾಗ ನಾನು ಮಾತು ಹುಡುಕುತ್ತಿದ್ದೆ. ಶಶಿಕಲಾ ತನಗೆ ಬರುವ ಇಂಗ್ಲಿಷಿನಲ್ಲಿ ನೇರವಾಗಿ ಹೇಳಿದಳು. "ಶರ್ಟ್ ನೋ ಗುಡ್. ಸಾರಿ."

"ಶರ್ಟ್ ನೋ ಗುಡ್," ಎಂದು ವಾಲ್ಟರ್ ಒಪ್ಪಿಕೊಂಡರು. ಆಮೇಲೆ ಇಬ್ಬರೂ ನಕ್ಕರು. ನಗುತ್ತಲೇ ಬಾಲ್ಕನಿಗೆ ಹೋಗಿ, ಕಂಬ ಕಿತ್ತ ಗುಂಡಿಗಳನ್ನು ನೋಡುತ್ತಾ ನಿಂತರು. ಒಬ್ಬರ ಭಾಷೆ ಇನ್ನೊಬ್ಬರಿಗೆ ಸರಿಯಾಗಿ ಬರುತ್ತಿರಲಿಲ್ಲ. ಎರಡೂ ಬರುವ ನಾನು ಹಿಂದೆ ಚಹಾ ಲೋಟ ಹಿಡಿದು ನಿಂತಿದ್ದೆ.

ಹೊರಡುವ ಮುನ್ನ ಒಂದು ಸಂಜೆ ವಾಲ್ಟರ್ ಬಂದು ಶಶಿಕಲಾಳ ಕೈಗೆ ಒಂದು ಪೊಟ್ಟಣ ಕೊಟ್ಟರು. ನನಗಲ್ಲ, ಅವಳಿಗೆ. ಅದೇ ಈ ಗ್ಲೌಸು. ತಂಡ ಊರಲ್ಲಿದ್ದ ಕೊನೆಯ ಬೇಸಿಗೆಯಲ್ಲಿ ತಂದೆ ಕೊಡಿಸಿದ್ದಂತೆ. ಹುಡುಗನ ಅಳತೆಯದು, ಅವಳ ಕೈಗೆ ಸರಿಯಾಗಿ ಕೂತಿತು. ಅವರು ಏನೇನೋ ಹೇಳಿದರು. ಅವಳು ಹೂಂ ಎಂದಳು. ಮರುದಿನ ಬೆಳಿಗ್ಗೆ ನೋಡಿದರೆ ಅದನ್ನು ತೊಟ್ಟು ಇಡ್ಲಿ ಪಾತ್ರೆ ಇಳಿಸುತ್ತಿದ್ದಾಳೆ!

ನಾನು ಗಾಬರಿಯಿಂದ ವಾಲ್ಟರ್‌ಗೆ ಫೋನು ಮಾಡಿದೆ. ಆ ಕಡೆಯಿಂದ ಅವರು ಬಿದ್ದು ಬಿದ್ದು ನಗುವುದು ಕೇಳಿಸಿತು. "ಐವತ್ತು ವರ್ಷ ಅದು ಏನನ್ನೂ ಹಿಡಿದಿರಲಿಲ್ಲ," ಎಂದರು. "ಹಿಡಿಯಲಿ ಬಿಡು."

ಜೆರ್ಸಿಯನ್ನು ಅವರು ಒಯ್ಯಲಿಲ್ಲ. ಅದು ಹಣ್ಣಿನ ಬುಟ್ಟಿಯಲ್ಲಿ ಅನಾನಸಿನ ಅಡಿಯಲ್ಲಿ ನಮ್ಮ ಮನೆಯಲ್ಲೇ ಉಳಿಯಿತು. ಒಳ್ಳೆಯ ಬಟ್ಟೆ. ಒಮ್ಮೆ ತೊಟ್ಟುಕೊಂಡೆ. "ತೆಗೀರಿ ಅದನ್ನು" ಎಂದಳು ಹೆಂಡತಿ. ತೆಗೆದೆ.

ಮುಂದಿನ ಚಳಿಗಾಲದಲ್ಲಿ ದೋಹಾದ ಒಂದು ಶಾಲೆಯ ಮೈದಾನದಲ್ಲಿ ಟೂರ್ನಮೆಂಟು. ಅಲ್ ಶಮಾಲಿನಿಂದ ನಮ್ಮ ಹುಡುಗರು ಬಂದಿದ್ದರು. ಬೆನ್ನ ಮೇಲೆ ಹಳೆಯ ಹೆಸರೇ, ಬಿನ್ ಮಹಮೂದ್ ಫ್ರೆಂಡ್ಸ್. ಬಿನ್ ಮಹಮೂದಿನಲ್ಲಿ ಈಗ ಅವರಲ್ಲಿ ಒಬ್ಬನೂ ಇಲ್ಲ. ನಾನು ಶಶಿಕಲಾಳನ್ನು ಕರೆದುಕೊಂಡು ಹೋದೆ. ಹುಡುಗರು ಓಡಿ ಬಂದು "ಅಕ್ಕಾ, ಹೇಗಿದ್ದೀರಿ" ಎಂದರು. ಅವರಲ್ಲಿ ಇಬ್ಬರು ಹೊಸಬರು, ಅವರಿಗೆ ನಾವು ಯಾರೆಂದು ಗೊತ್ತಿರಲಿಲ್ಲ. ಲೈಟಿನಲ್ಲಿ ದಿನಾ ಆಡಿ ಆಟ ಬಹಳ ಸುಧಾರಿಸಿತ್ತು. ನಾನು ಚಪ್ಪಾಳೆ ತಟ್ಟಿದೆ, ಕೂಗಿದೆ, ಒಂದೆರಡು ಸಲ ಯಾರ ಪಾಯಿಂಟಿಗೆ ಕೂಗುತ್ತಿದ್ದೇನೆಂದು ತಿಳಿಯದೆ ನಿಲ್ಲಿಸಿದೆ. ಶಶಿಕಲಾ ಕೈಕಟ್ಟಿ ಕೂತಿದ್ದಳು. ತುಳುವಿನಲ್ಲಿ ಒಂದು ಬೈಗುಳವೂ ಬರಲಿಲ್ಲ.

ಕಡೆಯ ಸೆಟ್ಟಿನಲ್ಲಿ ಹುಡುಗರು ಸೋತರು. ಹಾಜಿಯವರು ನಮ್ಮ ಬಳಿ ಬಂದರು. "ಎಂತ ಮಾಡುದು, ನಸೀಬು. ತಂಗೀ, ಒಮ್ಮೆ ಶಮಾಲಿಗೆ ಬನ್ನಿ ಆಟ ನೋಡ್ಲಿಕ್ಕೆ. ಒಳ್ಳೇ ಜಾಗ ಉಂಟು."

"ಬರುವ ಹಾಜಿಯವರೇ," ಎಂದಳು ನಗುತ್ತಾ.

ಮನೆಗೆ ಬಂದವಳೇ ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿನಲ್ಲಿ ರವೆ ಹುರಿಯುವ ವಾಸನೆ, ತುಪ್ಪದ ವಾಸನೆ, ಏಲಕ್ಕಿ. ಶಿರಾ ಮಾಡಿದಳು. ಒಂದು ತಟ್ಟೆ ಪಕ್ಕದ ಮಲಯಾಳಿಗಳಿಗೆ, ಒಂದು ಎದುರಿನ ಮನೆಗೆ. ಏನು ವಿಶೇಷ ಎಂದು ಅವರು ಬಾಗಿಲಲ್ಲೇ ಕೇಳುವುದು ಕೇಳಿಸಿತು. ಏನಿಲ್ಲ, ಸುಮ್ಮನೆ ಎಂದಳು. ನನ್ನ ಮುಂದೆಯೂ ತಟ್ಟೆ ಬಂತು. ಬಾಲ್ಕನಿಯ ಕೆಳಗೆ, ನೆಟ್ ಇದ್ದ ಜಾಗದಲ್ಲಿ, ತಗಡಿನ ಬೇಲಿಯೊಳಗೆ ಟವರಿನ ಪಾಯ ತೋಡಿ ಬಿಟ್ಟಿದ್ದರು.

"ಯಾರು ಗೆದ್ದರು ಅಂತ ಇದು?" ಎಂದು ಕೇಳಿದೆ. ನನಗೆ ನಿಜವಾಗಿಯೂ ತಿಳಿಯಲಿಲ್ಲ.

"ಯಾರು ಗೆದ್ದರೋ ನಂಗೆ ಗೊತ್ತಿಲ್ಲ," ಎಂದಳು. "ನಮ್ಮವರು ಸೋತರಲ್ಲ."

ಬಿಸಿ ಬಾಣಲೆ ಇಳಿಸಿದ ಕೈಯಿಂದ ಗ್ಲೌಸು ಇನ್ನೂ ತೆಗೆದಿರಲಿಲ್ಲ. ಅದರ ಹಿಂಬದಿಯಿಂದಲೇ ಕಣ್ಣೊರೆಸಿಕೊಂಡು, ನನಗೆ ಇನ್ನೊಂದು ಚಮಚ ಶಿರಾ ಬಡಿಸಿದಳು.